ನೆಲಮಹಡಿಯ ಕಂಪ್ಯೂಟರ್ ವಿಭಾಗ

1984ರ ಅಕ್ಟೋಬರ್ 25, ಗುರುವಾರ, ಮಧ್ಯಾಹ್ನ ಮೂರೂ ಮುಕ್ಕಾಲಿಗೆ ದಾಲ್ಸುವನ್ನು ಅವನ ಅಜ್ಜಿ ತಪ್ಪು ಬಾಗಿಲಿನಿಂದ ಒಳಗೆ ಕರೆದುಕೊಂಡು ಹೋದಳು.

ತಪ್ಪು ಅಜ್ಜಿಯದಲ್ಲ, ಕಟ್ಟಡದ್ದು. ಮಾಸಾನ್ ಎಂಬ ಬಂದರು ಊರಿನ ಮೀನು ಮಾರುಕಟ್ಟೆಯ ಹಿಂದೆ ನಿಂತಿದ್ದ ಆ ಕಟ್ಟಡದ ಮೇಲಂತಸ್ತಿನಲ್ಲಿ ಮೆಂಗ್ ಮೇಷ್ಟ್ರು ಅಬಾಕಸ್ ಟ್ಯೂಷನ್ ನಡೆಸುತ್ತಿದ್ದರು. ಅಲ್ಲಿಗೆ ಹತ್ತುವ ಮೆಟ್ಟಿಲು ಪಕ್ಕದ ಸಂದಿಯಲ್ಲಿ, ಮೂಲಂಗಿ ಬುಟ್ಟಿಗಳ ಹಿಂದೆ ಅಡಗಿತ್ತು. ಮೇಷ್ಟ್ರ ಬೋರ್ಡು ಮಾತ್ರ ಜನರ ಕಣ್ಣಿಗೆ ಬೀಳಲೆಂದು ಬೀದಿಯ ಕಡೆ, ಕೆಳಗಿನ ಅಂಗಡಿಯ ಬಾಗಿಲ ನೆತ್ತಿಯ ಮೇಲೇ ನೇತಾಡುತ್ತಿತ್ತು. ಆ ಕೆಳಗಿನ ಅಂಗಡಿಯಲ್ಲಿ ಈ ಬೇಸಗೆಯವರೆಗೆ ಒಲೆಗೆ ಹಾಕುವ ಕಲ್ಲಿದ್ದಲ ಬಿಲ್ಲೆ ಮಾರುತ್ತಿದ್ದರು. ಬೊಂಗ್ ಎಂಬಾತ ಅದನ್ನು ಬಾಡಿಗೆಗೆ ಹಿಡಿದು, ಒಳಗೆ ವಿಡಿಯೋ ಗೇಮಿನ ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟು, ಗಾಜಿಗೆಲ್ಲ ಕಪ್ಪು ಕಾಗದ ಅಂಟಿಸಿ, ಅದರ ಮೇಲೆ ಕೆಂಪು ಬಣ್ಣದಲ್ಲಿ ‘ಬುದ್ಧಿ ವಿಕಾಸ, ಕಂಪ್ಯೂಟರ್’ ಎಂದು ಬರೆಸಿದ್ದ. ಗೇಮಿನ ಅಂಗಡಿಯವರೆಲ್ಲ ಹಾಗೆಯೇ ಬರೆಸುತ್ತಿದ್ದರು. ಅದನ್ನು ಓದಿ ನಂಬುವವರು ಯಾರೂ ಇರಲಿಲ್ಲ.

ಅಜ್ಜಿ ನಂಬಿದಳು. ಅವಳು ದ್ವೀಪದ ಹಳ್ಳಿಯಿಂದ ಬಂದು ಒಂದು ವಾರವೂ ಆಗಿರಲಿಲ್ಲ. ದಾಲ್ಸುವಿನ ಅಪ್ಪ ಸೌದಿಯಲ್ಲಿ ರಸ್ತೆ ಹಾಕುತ್ತಿದ್ದ, ಅಮ್ಮ ರೇಡಿಯೋ ಕಾರ್ಖಾನೆಯಲ್ಲಿ ತಂತಿ ಬೆಸೆಯುತ್ತಿದ್ದಳು. “ಅತ್ತೆ, ಇವನು ಅಬಾಕಸ್‌ಗೆ ಹೋಗ್ತಾನೋ ಬಂದರಿನಲ್ಲಿ ಅಲೀತಾನೋ ದೇವರಿಗೇ ಗೊತ್ತು. ಇವತ್ತು ನೀವೇ ಕರ್ಕೊಂಡು ಹೋಗಿ ಕೂರಿಸಿ ಬನ್ನಿ” ಎಂದು ಬೆಳಿಗ್ಗೆ ಅವಳು ಹೇಳಿ ಹೋಗಿದ್ದಳು. ಅಜ್ಜಿ ಅರವತ್ತು ದಾಟಿದ ಮೇಲೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವಳು. ಒಂದೊಂದು ಅಕ್ಷರವನ್ನೂ ಬೆರಳಿನಿಂದ ತೋರಿಸುತ್ತ, ಮೀನಿನ ಮುಳ್ಳು ಬಿಡಿಸುವವಳಂತೆ ಓದಿದಳು.

“ಮೇಲೇನದು, ಅ... ಬಾ... ಕ... ಸ್. ಕೆಳಗೆ ಬು... ದ್ಧಿ... ವಿ... ಕಾ... ಸ. ಸರಿ, ಇದೇ ಕಣೋ.”

“ಅಜ್ಜೀ, ಅದು...”

“ಏನ್ ಅದು?”

ದಾಲ್ಸು ನಿಜ ಹೇಳಲೆಂದೇ ಬಾಯಿ ತೆರೆದಿದ್ದ. ಅಷ್ಟರಲ್ಲಿ ಒಳಗಿನಿಂದ ಒಬ್ಬ ಹುಡುಗ ಬಾಗಿಲು ತಳ್ಳಿಕೊಂಡು ಹೊರಗೆ ಬಂದ. ಅವನ ಹಿಂದೆಯೇ ನೂರು ಕಪ್ಪೆಗಳು ತಗಡಿನ ಡಬ್ಬಿಯಲ್ಲಿ ಕುಣಿದಂಥ ಸದ್ದೂ ಬಂತು. ದಾಲ್ಸುವಿನ ತರಗತಿಯ ಹುಡುಗರೆಲ್ಲ ಗೇಮ್ ಆಡಿದ್ದರು. ಅವನೊಬ್ಬ ಮಾತ್ರ ಕಪ್ಪು ಕಾಗದದ ಹರಿದ ಮೂಲೆಗೆ ಕಣ್ಣಿಟ್ಟು ನೋಡಿದ್ದ, ಅಷ್ಟೆ. ಶಾಲೆಯ ಬಿಡುವಿನಲ್ಲಿ ಅದರ ಮಾತು ಬಂದಾಗ ತಾನೂ ಆಡಿದವನ ಹಾಗೆ ತಲೆಯಾಡಿಸುತ್ತಿದ್ದ. ಒಂದೇ ಒಂದು ಸಲ ಆಟ ನಡೆಸುವ ಆ ಹಿಡಿಯನ್ನು ಕೈಯಲ್ಲಿ ಹಿಡಿದರೆ ಸಾಕು ಎಂದು ಬೇಸಗೆ ರಜೆಯಿಂದ ನಿದ್ದೆಗೆಟ್ಟಿದ್ದ.

“ಏನಿಲ್ಲ ಅಜ್ಜಿ. ಇದೇ” ಎಂದ.

ಬಾಗಿಲಲ್ಲಿ ಅಜ್ಜಿ ತನ್ನ ರಬ್ಬರ್ ಚಪ್ಪಲಿ ಬಿಟ್ಟು, ಮೊಮ್ಮಗನ ಬೂಟನ್ನೂ ಬಿಚ್ಚಿಸಿದಳು. ವಿದ್ಯೆ ಕಲಿಯುವ ಜಾಗ. ಒಳಗಿನ ಸಿಮೆಂಟು ನೆಲದ ಮೇಲೆ ಇನ್ನೂ ಕಲ್ಲಿದ್ದಲ ಪುಡಿ ಇತ್ತು. ಇಬ್ಬರ ಬಿಳಿಯ ಕಾಲುಚೀಲವೂ ನಾಲ್ಕು ಹೆಜ್ಜೆಗೆ ಕಪ್ಪಾಯಿತು.

ಮುದುಕಿಯೊಬ್ಬಳು ಹುಡುಗನ ಕೈ ಹಿಡಿದು ಒಳಗೆ ಬಂದದ್ದನ್ನು ಕಂಡು ಬೊಂಗ್ ಸಿಗರೇಟನ್ನು ಚಿಲ್ಲರೆ ಡಬ್ಬಿಯೊಳಗೆ ಹಾಕಿಬಿಟ್ಟ. ಇಂಥ ಮುದುಕಿಯರು ಬರುವುದು ಒಂದೇ ಕಾರಣಕ್ಕೆ ಎಂದು ಅವನಿಗೆ ಗೊತ್ತಿತ್ತು.

“ಅಜ್ಜೀ, ಆಣೆಗೂ ನಾವು ಮಕ್ಕಳನ್ನ ಒಳಗೆ ಬಿಡೋದೇ ಇಲ್ಲ!”

“ಯಾಕ್ ಬಿಡಲ್ಲ?” ಅಜ್ಜಿ ಸಾಲಾಗಿ ಕುಳಿತ ಹುಡುಗರ ಬೆನ್ನುಗಳನ್ನು ತೋರಿಸಿದಳು. “ಇವೇನು ಮಕ್ಕಳೋ, ಒಣಗಿಸಿರೋ ಮೀನೋ? ನಮ್ಮ ಹುಡುಗ ಬಡವರ ಮನೆಯವನು ಅಂತ ಬಿಡಲ್ವಾ ಮೇಷ್ಟ್ರೇ?”

ಬೊಂಗನನ್ನು ಹುಟ್ಟಿದ ಮೇಲೆ ಯಾರೂ ಮೇಷ್ಟ್ರೇ ಎಂದು ಕರೆದಿರಲಿಲ್ಲ. ಅವನು ಹಿಂದೆ ತಿರುಗಿ ನೋಡಿದ. ಹಿಂದೆ ಗೋಡೆ ಇತ್ತು. ಅಜ್ಜಿ ಸೊಂಟದವರೆಗೆ ಬಾಗಿ ನಮಸ್ಕರಿಸಿ, ಬಟ್ಟೆಯ ಗಂಟಿನಿಂದ ಎರಡು ಪರ್ಸಿಮನ್ ಹಣ್ಣು ತೆಗೆದು ಅವನ ಕೈಗಿಟ್ಟಳು.

“ನಿಮ್ಮ ಕೈಗೆ ಒಪ್ಪಿಸಿದೀನಿ. ಮೂಳೆ ಒಂದು ಉಳಿಸಿ, ಬಾಕಿ ಎಷ್ಟು ಬೇಕೋ ಅಷ್ಟು ಬಾರಿಸಿ. ಹೆಂಗಾದರೂ ಮನುಷ್ಯನ್ನ ಮಾಡಿ.”

ಬೊಂಗ್ ಹಣ್ಣನ್ನೂ ಹುಡುಗನನ್ನೂ ನೋಡಿದ. ವ್ಯಾಪಾರಸ್ಥ, ಬಂದ ಗಿರಾಕಿಯನ್ನು ಹಿಂದಕ್ಕೆ ಕಳಿಸಿ ಅಭ್ಯಾಸವಿಲ್ಲ. “ಮೂರನೇ ಪೆಟ್ಟಿಗೆ ಖಾಲಿ ಇದೆ” ಎಂದ.

ಅಂತೂ ದಾಲ್ಸು ಕುಳಿತ. ಅಜ್ಜಿ ನಾಣ್ಯ ಹಾಕಿದಳು. ಗಾಜಿನ ಹಿಂದೆ ಕಪ್ಪು ಆಕಾಶ ತೆರೆಯಿತು. ಕೆಳಗೆ ಒಂದು ಪುಟ್ಟ ಬಿಳಿಯ ವಿಮಾನ, ಮೇಲಿನಿಂದ ಹಸಿರು ಏಡಿಗಳು. ದಾಲ್ಸು ಹಿಡಿಯನ್ನು ಎಡಕ್ಕೆ ವಾಲಿಸಿದ. ವಿಮಾನವೂ ಎಡಕ್ಕೆ ಹೋಯಿತು. ಅವನ ಬೆನ್ನಿನಲ್ಲಿ ಜುಮ್ಮೆಂದಿತು. ಅವನು ಹೇಳಿದ ಕಡೆ ಹೋದ ವಸ್ತು ಈ ಪ್ರಪಂಚದಲ್ಲಿ ಇದೇ ಮೊದಲನೆಯದು. ಮನೆಯ ನಾಯಿ ಕೂಡ ಅವನ ಮಾತು ಕೇಳುತ್ತಿರಲಿಲ್ಲ. ಇನ್ನೊಮ್ಮೆ ಎಡಕ್ಕೆ ಕಳಿಸಿದ, ಬಲಕ್ಕೆ ಕಳಿಸಿದ, ಮತ್ತೆ ಎಡಕ್ಕೆ ಕಳಿಸಿದ. ಗುಂಡು ಹಾರಿಸುವುದೇ ಮರೆತುಹೋಯಿತು. ಏಡಿ ಬಂದು ಕುಕ್ಕಿತು. ಢಂ.

“ಏನಾಯ್ತೋ?” ಅಜ್ಜಿ ಕೇಳಿದಳು.

“ಸತ್ತೆ ಅಜ್ಜಿ.”

ಬೆನ್ನಿಗೆ ಒಂದು ಏಟು ಬಿತ್ತು. “ದೊಡ್ಡೋರ ಮುಂದೆ ಸತ್ತೆ ಗಿತ್ತೆ ಅಂತೀಯಾ? ಬಿಡ್ತು ಅನ್ನು!”

“ಬಿಡ್ತು. ಅಂದರೆ ಲೆಕ್ಕ ತಪ್ಪಾಯ್ತು ಅಂತ.”

“ತಪ್ಪಾದರೆ ಮತ್ತೆ ಮಾಡು. ಆ ಪಕ್ಕದ ಹುಡುಗನ್ನ ನೋಡು, ಕಣ್ಣೇ ಮಿಟುಕಿಸಲ್ಲ. ಏನು ಶ್ರದ್ಧೆ, ಏನು ಶ್ರದ್ಧೆ!”

ಪಕ್ಕದಲ್ಲಿದ್ದವನು ಗಿಲ್ಜೆ, ಕಿವಿಯ ಹಿಂದೆ ದೊಡ್ಡ ಮಚ್ಚೆಯ ಹುಡುಗ. ಅವನ ಅಮ್ಮ ತೋಫು ಅಂಗಡಿಯವಳು, ಬೀದಿಯ ಮುಖ್ಯಸ್ಥೆ. ಅವಳ ಲೆಕ್ಕದಲ್ಲಿ ಗಿಲ್ಜೆ ಈ ಹೊತ್ತಿಗೆ ಟೇಕ್ವಾಂಡೋ ಕಲಿಯುತ್ತಿರಬೇಕಿತ್ತು.

ಆಗ ಸೂರಿನ ಮೇಲಿನಿಂದ ಒಂದು ದನಿ ರಾಗವಾಗಿ ಇಳಿಯತೊಡಗಿತು. “ಇಡೀ, ನಾನೂರ ಹದಿನೆಂಟು ವೋನ್... ಕೂಡೀ, ಇನ್ನೂರ ಅರವತ್ತು ವೋನ್... ಕಳೆಯೀ, ಎಪ್ಪತ್ತೈದು ವೋನ್... ಎಷ್ಟಾಯ್ತು?” ಮೇಲಿನ ಮಕ್ಕಳು ಒಟ್ಟಾಗಿ ಕೂಗಿದರು: “ಆರುನೂರ ಮೂರು!”

ದಾಲ್ಸು ಹಿಡಿಯಿಂದ ಕೈ ತೆಗೆದ. ಅದು ಮೆಂಗ್ ಮೇಷ್ಟ್ರ ದನಿ. ಈಗ ಅವರು ಹಾಜರಿ ಕೂಗುತ್ತಾರೆ, ತಾನಿಲ್ಲದ್ದು ಕಾಣುತ್ತದೆ, ಸಂಜೆ ಮನೆಗೆ ಫೋನು ಬರುತ್ತದೆ. ಓಡಿಹೋಗಿ ಸಂದಿಗೆ ತೆರೆಯುವ ಹಿಂಬಾಗಿಲಿಂದ ಮೆಟ್ಟಿಲು ಹತ್ತಿಬಿಡಲೇ ಎಂದು ಅವನು ಅದಿದ್ದ ಮೂಲೆಯ ಕಡೆ ನೋಡಿದ.

ಮೂಲೆಯ ಪೆಟ್ಟಿಗೆಯ ಮುಂದೆ, ಟೈ ಬಿಗಿದು, ಅಂಗಿಯ ತೋಳಿಗೆ ಕಪ್ಪು ಗವಸು ಹಾಕಿಕೊಂಡು, ಮೆಂಗ್ ಮೇಷ್ಟ್ರು ಏಡಿಗಳನ್ನು ಹೊಡೆಯುತ್ತ ಕುಳಿತಿದ್ದರು.

ಮೇಲಿನಿಂದ ಮೇಷ್ಟ್ರು ಕೆಮ್ಮಿದ ಸದ್ದು ಬಂತು. ಕೆಳಗಿದ್ದ ಮೇಷ್ಟ್ರು ಕೆಮ್ಮಿರಲಿಲ್ಲ.

ದಾಲ್ಸುವಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಮೇಷ್ಟ್ರು ಲೆಕ್ಕ ಕೂಗುವುದನ್ನು ಕ್ಯಾಸೆಟ್ಟಿಗೆ ತುಂಬಿಸಿ, ಮೇಲೆ ಟೇಪ್ ರೆಕಾರ್ಡರ್ ಹಚ್ಚಿ, ಹಿಂಬಾಗಿಲಿಂದ ಇಳಿದು ಬಂದಿದ್ದರು. ಹೋದ ತಿಂಗಳಿಂದ ಮೇಷ್ಟ್ರು ಯಾವಾಗ ನೋಡಿದರೂ ಪರದೆಯ ಹಿಂದೆ ನಿಂತೇ ಲೆಕ್ಕ ಕೂಗುತ್ತಿದ್ದುದೇಕೆ ಎಂಬುದು ಅವನಿಗೆ ಈಗ ಅರ್ಥವಾಯಿತು.

“ಪ್ರಿನ್ಸಿಪಾಲ್ರೇ, ನಿಮ್ಮ ನಾಣ್ಯ ಮುಗೀತು” ಎಂದು ಬೊಂಗ್ ಅತ್ತ ಕೂಗಿದ.

ಟ್ಯೂಷನ್ನಿನ ಪ್ರಿನ್ಸಿಪಾಲರೂ ಆದ ಮೆಂಗ್ ಮೇಷ್ಟ್ರು ತಲೆ ಎತ್ತಿದರು. ವಿದ್ಯಾರ್ಥಿ ಗುರುವನ್ನು ನೋಡಿದ, ಗುರು ವಿದ್ಯಾರ್ಥಿಯನ್ನು ನೋಡಿದರು. ಇಬ್ಬರ ಮುಖವೂ ಬೇಯಿಸಿದ ಆಕ್ಟೋಪಸ್ಸಿನ ಕೆಂಪು ಬಣ್ಣಕ್ಕೆ ತಿರುಗಿತು. ಯಾರು ಯಾರನ್ನು ಹಿಡಿದರು ಎಂಬುದು ಇನ್ನೂ ತೀರ್ಮಾನವಾಗುವ ಮೊದಲೇ ಅಜ್ಜಿ ಎದ್ದು ಹೋಗಿ ನಡು ಬಗ್ಗಿಸಿದಳು.

“ಅಯ್ಯೋ, ಪ್ರಿನ್ಸಿಪಾಲ್ರು ಮಕ್ಕಳ ಜೊತೇಲೇ ಕೂತು ಕಲಿಸ್ತಾರಾ! ನಾನು ದಾಲ್ಸು ಅಜ್ಜಿ. ಇದು ಅಬಾಕಸ್ ಅಂದರು, ಮಣಿ ಎಲ್ಲೂ ಕಾಣಿಸಲಿಲ್ಲ?”

ಮೆಂಗ್ ಮೇಷ್ಟ್ರು ಟೈ ಸರಿಮಾಡಿಕೊಂಡರು. ಈ ಮುದುಕಿ ಮೇಲಿನ ಮೆಟ್ಟಿಲು ಹತ್ತಿದರೆ ಟೇಪ್ ರೆಕಾರ್ಡರ್ ಕಾಣುತ್ತದೆ, ಹತ್ತದೆ ಮನೆಗೆ ಹೋದರೆ ಗೇಮಿನ ಅಂಗಡಿಯಲ್ಲಿ ಪ್ರಿನ್ಸಿಪಾಲರು ಎಂಬ ಸುದ್ದಿ ಹೋಗುತ್ತದೆ.

“ಅಮ್ಮ, ಮಣಿ ಮೇಲ್ಗಡೆ” ಎಂದರು. “ಇದು... ಇದು ಕಂಪ್ಯೂಟರ್ ವಿಭಾಗ. ಎಲ್ಲರನ್ನೂ ಸೇರಿಸಿಕೊಳ್ಳಲ್ಲ. ಬುದ್ಧಿವಂತರಿಗೆ ಮಾತ್ರ.” ಹೇಳಿ, ದಾಲ್ಸುವಿನ ಕಡೆ ಬೇಡುವ ಕಣ್ಣಿನಿಂದ ನೋಡಿದರು. “ಅಲ್ವೇನೋ ದಾಲ್ಸು?”

“ಹೌದು ಸಾರ್” ಎಂದ ದಾಲ್ಸು.

ಮೇಲೆ ಕ್ಯಾಸೆಟ್ಟಿನ ಒಂದು ಬದಿ ಮುಗಿದು ಟಕ್ ಎಂದಿತು. ಪ್ರಿನ್ಸಿಪಾಲರು ಹಿಂಬಾಗಿಲಿನಿಂದ ಮಾಯವಾದರು.

ಐದು ಗಂಟೆಗೆ ಅಜ್ಜಿ ಮೊಮ್ಮಗನನ್ನು ಎಳೆದುಕೊಂಡು ಮನೆಯತ್ತ ಹೊರಟಳು. ದಾಲ್ಸುವಿನ ಬೆರಳುಗಳು ಗಾಳಿಯಲ್ಲಿ ಇನ್ನೂ ಹಿಡಿ ತಿರುಗಿಸುತ್ತಿದ್ದವು. ಎದೆಯಲ್ಲಿ ಮಾತ್ರ ಬಿಸಿ ಎಣ್ಣೆಗೆ ನೀರು ಬಿದ್ದಂತೆ ಚಟಪಟ. ಅಮ್ಮನಿಗೆ ಗೊತ್ತಾದರೆ ಮೀನಖಂಡಕ್ಕೆ ಬೆತ್ತ ಬೀಳುವುದು ಒಂದು ಕಡೆಯಾದರೆ, ಆ ಬಾಗಿಲು ಶಾಶ್ವತವಾಗಿ ಮುಚ್ಚುವುದು ಇನ್ನೊಂದು ಕಡೆ. ಅಜ್ಜಿ ಬಾಯಿ ಬಿಡದಿದ್ದರೆ ನಾಳೆಯೂ ಆಡಬಹುದು, ನಾಡಿದ್ದೂ ಆಡಬಹುದು.

“ಅಜ್ಜಿ, ಕಂಪ್ಯೂಟರ್ ವಿಷಯ ಯಾರಿಗೂ ಹೇಳ್ಬೇಡ.”

“ಯಾಕೋ?”

“ಅದು... ಜಾಗ ಇಲ್ಲ ಅಂತೆ. ಎಲ್ಲ ಭರ್ತಿ.”

ಇದಕ್ಕಿಂತ ದೊಡ್ಡ ತಪ್ಪನ್ನು ದಾಲ್ಸು ಅಂದು ಮಾಡಲಿಲ್ಲ. ಅಜ್ಜಿ ತೋಫು ಅಂಗಡಿಯ ಮುಂದೆ ನಿಂತೇಬಿಟ್ಟಳು.

“ಗಿಲ್ಜೆ ಅಮ್ಮ, ನಮ್ಮ ದಾಲ್ಸುಗೆ ಕಂಪ್ಯೂಟರ್ ಟ್ಯೂಷನ್ನಲ್ಲಿ ಸೀಟ್ ಸಿಕ್ಕಿತು! ಭರ್ತಿ ಅಂತೆ, ಇನ್ನು ಯಾರಿಗೂ ಇಲ್ಲವಂತೆ. ಒಂದೊಂದು ಮಗೂಗೂ ಒಂದೊಂದು ಟೀವಿ. ಮನೆಗೆ ಹೋಗು ಅಂದರೆ ಅಳ್ತಾವೆ. ಓದೋಕೆ ಅಷ್ಟು ಆಸೆ ಇರೋ ಮಕ್ಕಳನ್ನ ನಾನು ಕಂಡೇ ಇರಲಿಲ್ಲ. ಅಲ್ಲೊಬ್ಬ ಹುಡುಗ ಇದಾನೆ, ಕಿವಿ ಹಿಂದೆ ಮಚ್ಚೆ, ಇಡೀ ಕ್ಲಾಸಿಗೇ ಮೊದಲು.”

ತೋಫು ಕೊಯ್ಯುತ್ತಿದ್ದ ಚಾಕು ನಿಂತಿತು. “ಕಿವಿ ಹಿಂದೆ ಮಚ್ಚೆ?”

“ಎಡಗಿವಿ.”

“ಅವನು ನನ್ನ ಮಗ! ಟೇಕ್ವಾಂಡೋಗೆ ಅಂತ ಹೇಳಿ ಹೋಗಿದಾನೆ!”

ದಾಲ್ಸು ಕಣ್ಣು ಮುಚ್ಚಿಕೊಂಡ.

“ನೋಡು, ನೋಡು” ಎಂದಳು ಅಜ್ಜಿ. “ಓದ್ತೀನಿ ಅಂತ ಜಂಭ ಕೊಚ್ಚಿಕೊಳ್ಳೋ ಮಕ್ಕಳಿರ್ತಾವೆ. ಕದ್ದು ಓದೋ ಮಗ ಯಾರಿಗೆ ಹುಟ್ತಾನಮ್ಮ?”

ಗಿಲ್ಜೆ ಅಮ್ಮನ ಮುಖದಲ್ಲಿ ಸಿಟ್ಟು ಅರ್ಧಕ್ಕೆ ನಿಂತು, ಹಿಂದಕ್ಕೆ ಹೋಗಿ, ಹೆಮ್ಮೆಯಾಗಿ ಮರಳಿ ಬಂತು. ಕಣ್ಣು ತುಂಬಿತು. ಒಂದು ತೋಫು ತುಂಡನ್ನು ಪುಕ್ಕಟೆ ಕಟ್ಟಿಕೊಟ್ಟಳು.

ಅಂದು ಇಪ್ಪತ್ತೈದನೇ ತಾರೀಖು. ಪ್ರತಿ ತಿಂಗಳ ಇಪ್ಪತ್ತೈದರಂದು ಸಂಜೆ ಬೀದಿಯ ಪ್ರತಿ ಮನೆಯಿಂದ ಒಬ್ಬರು ಸಭೆಗೆ ಬರಲೇಬೇಕೆಂದು ಸರ್ಕಾರದ ಅಪ್ಪಣೆ. ಈ ಸಲದ ಸರದಿ ದಾಲ್ಸುವಿನ ಮನೆಯದು. ಕಾರ್ಖಾನೆಯಿಂದ ಬಂದ ಅಮ್ಮ ಕೈ ತೊಳೆಯುವಷ್ಟರಲ್ಲಿ ಬೀದಿಯ ಹೆಂಗಸರೆಲ್ಲ ಒಳಗೆ ಬಂದು, ಉಪ್ಪಿನಕಾಯಿ ಜಾಡಿಯಲ್ಲಿ ಎಲೆಕೋಸು ಒತ್ತಿದ ಹಾಗೆ ಒತ್ತಾಗಿ ಕುಳಿತರು.

ಮುಖ್ಯಸ್ಥೆಯಾದ ಗಿಲ್ಜೆ ಅಮ್ಮ ಮೇಲಿನಿಂದ ಬಂದ ವಿಷಯಗಳನ್ನು ಒಂದೇ ಉಸಿರಿಗೆ ಓದಿದಳು: “ಇಲಿ ಪಾಷಾಣ ಇಡೋ ದಿನ ಒಂದನೇ ತಾರೀಖು. ಅನುಮಾನ ಬಂದೋರ ಬಗ್ಗೆ ಪೊಲೀಸರಿಗೆ ಹೇಳಿ. ಚರಂಡಿ ಮುಂದೆ ಎಲೆಕೋಸು ತೊಳೀಬೇಡಿ. ಆಯ್ತು. ಈಗ ಮುಖ್ಯ ವಿಷಯ. ದಾಲ್ಸು ಅಜ್ಜಿ, ಹೇಳಿ.”

ಅಜ್ಜಿ ಎದ್ದು ನಿಂತು ಹೇಳಿದಳು. ತೋಫು ಅಂಗಡಿಯಲ್ಲಿ ಹೇಳಿದ್ದಕ್ಕಿಂತ ಈಗ ಟೀವಿಗಳು ದೊಡ್ಡವಾಗಿದ್ದವು, ಮಕ್ಕಳು ಇನ್ನೂ ಜೋರಾಗಿ ಅಳುತ್ತಿದ್ದರು. ಕಂಪ್ಯೂಟರ್ ಬಾರದವನು ಮುಂದೆ ಕುರುಡನಿಗೆ ಸಮ ಎಂದು ರೇಡಿಯೋದಲ್ಲಿ ದಿನವೂ ಕೇಳುತ್ತಿದ್ದ ಹೆಂಗಸರು ಉಸಿರು ಬಿಗಿಹಿಡಿದು ಕುಳಿತರು.

ದಾಲ್ಸುವಿನ ಅಮ್ಮ ಮಾತ್ರ ಹುಬ್ಬು ಗಂಟಿಕ್ಕಿದಳು. “ಅತ್ತೆ, ಟ್ಯೂಷನ್ನು ಮಹಡಿ ಮೇಲಲ್ವಾ? ನಾನು ಸೇರಿಸೋವಾಗ ಮೆಟ್ಟಿಲು ಹತ್ತಿದ ನೆನಪು.”

“ಮೇಲಿರೋದು ದಡ್ಡರಿಗೆ. ಬುದ್ಧಿವಂತರದ್ದು ಕೆಳಗೆ. ಪ್ರಿನ್ಸಿಪಾಲ್ರೇ ಬಾಯಿಬಿಟ್ಟು ಹೇಳಿದರು. ಕೇಳು ನಿನ್ನ ಮಗನ್ನ.”

ಇಡೀ ಬೀದಿ ದಾಲ್ಸುವಿನ ಕಡೆ ತಿರುಗಿತು. “ಹೌ... ಹೌದು” ಎಂದು ಅವನು ಬಾಗಿಲ ಕಡೆ ಜರುಗಿದ.

“ಕೆಳಗಿರೋದು ಗೇಮಿನ ಅಂಗಡಿ ಅಲ್ವಾ?” ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು.

“ನನ್ನ ಮಗ ಗೇಮಿನ ಅಂಗಡಿಗೆ ಹೋಗ್ತಾನಾ?” ಗಿಲ್ಜೆ ಅಮ್ಮ ಎದ್ದು ನಿಂತಳು. “ಎಲ್ಲರೂ ಏಳಿ. ಈಗಲೇ ಹೋಗಿ ನೋಡ್ಕೊಂಡು ಬರೋಣ. ಸೀಟ್ ಭರ್ತಿ ಅಂದರೆ ನಾಲ್ಕು ಜನ ಒಟ್ಟಿಗೆ ಕೇಳಬೇಕು.”

ದಾಲ್ಸು ಎಲ್ಲರಿಗಿಂತ ಮೊದಲು ಹೊರಗೆ ಬಂದ. ಜಗುಲಿಯ ಕೆಳಗೆ ಹೆಂಗಸರ ರಬ್ಬರ್ ಚಪ್ಪಲಿಗಳು ಜೋಡಿ ಜೋಡಿಯಾಗಿ ಮಲಗಿದ್ದವು. ಎಲ್ಲವೂ ಬಿಳಿ, ಎಲ್ಲವೂ ಒಂದೇ ರೀತಿ. ಅವನು ಎರಡು ಕೈಯಿಂದ ಅವನ್ನು ಅಕ್ಕಿ ತೊಳೆಯುವ ಹಾಗೆ ಕಲಸಿ, ಕತ್ತಲ ಸಂದಿಯಲ್ಲಿ ಓಡಿದ. ಹಿಂದಿನಿಂದ “ಇದು ನಂದಲ್ಲ!”, “ಎರಡೂ ಎಡಗಾಲಿಂದೇ ಸಿಗ್ತಿದೆಯಲ್ಲೇ!” ಎಂಬ ಕೂಗು ಬಹಳ ದೂರದವರೆಗೆ ಕೇಳುತ್ತಿತ್ತು.

ಗೇಮಿನ ಅಂಗಡಿಯಲ್ಲಿ ಮೆಂಗ್ ಮೇಷ್ಟ್ರು ಅದೇ ಮೂಲೆಯಲ್ಲಿದ್ದರು. ಮೇಲೆ ಸಂಜೆಯ ತರಗತಿಗೆ ಅದೇ ಕ್ಯಾಸೆಟ್ಟು ಲೆಕ್ಕ ಕೂಗುತ್ತಿತ್ತು.

“ಸಾರ್! ಬರ್ತಿದಾರೆ! ಇಡೀ ಬೀದಿ!”

“ಪೊಲೀಸರಾ?” ಬೊಂಗ್ ಚಿಲ್ಲರೆ ಡಬ್ಬಿ ಅಪ್ಪಿಕೊಂಡ.

“ಅಮ್ಮಂದಿರು!”

“ಪೊಲೀಸರೇ ವಾಸಿಯಾಗಿತ್ತು” ಎಂದ ಬೊಂಗ್.

ಮೆಂಗ್ ಮೇಷ್ಟ್ರು ಮೂವತ್ತು ವರ್ಷ ಮನಸ್ಸಿನಲ್ಲೇ ಲೆಕ್ಕ ಮಾಡಿದವರು. ಈ ಲೆಕ್ಕಕ್ಕೂ ಅವರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. “ಬೊಂಗ್, ಪೆಟ್ಟಿಗೆಗಳ ಸದ್ದು ಆರಿಸು. ಆ ಮೂಲೆಯ ಸಿಗರೇಟಿನ ಹುಡುಗರನ್ನ ಹಿಂಬಾಗಿಲಿಂದ ದಬ್ಬು. ದಾಲ್ಸು, ಮೇಲಿರೋ ಮಕ್ಕಳನ್ನೆಲ್ಲ ಇಳಿಸು, ಓಡು!”

ದಾಲ್ಸು ಮೆಟ್ಟಿಲು ಹಾರಿ ಹತ್ತಿದ. “ಮೇಷ್ಟ್ರು ಎಲ್ಲರನ್ನೂ ಕೆಳಗೆ ಕರೀತಿದಾರೆ. ಗೇಮ್ ಆಡ್ಬೇಕಂತೆ!”

ಯಾರೂ ಅಲುಗಲಿಲ್ಲ. ಇದರಲ್ಲಿ ಏನೋ ಮೋಸವಿದೆ ಎಂದು ಎಲ್ಲರಿಗೂ ಅನಿಸಿತು. “ಆಡದವರಿಗೆ ಬೆತ್ತದ ಏಟಂತೆ!” ಎಂದ ದಾಲ್ಸು. ಈಗ ನಂಬಿಕೆ ಬಂತು. ಮಕ್ಕಳು ಬುಟ್ಟಿಯಿಂದ ಸುರಿದ ಆಲೂಗಡ್ಡೆಗಳಂತೆ ಮೆಟ್ಟಿಲಿಳಿದರು.

ತಮ್ಮದಲ್ಲದ ಚಪ್ಪಲಿಗಳಲ್ಲಿ ಕುಂಟುತ್ತ ಬಂದ ಹೆಂಗಸರು ಬಾಗಿಲು ತಳ್ಳಿದಾಗ ಕಂಡದ್ದು ಇಷ್ಟು: ಸಾಲು ಟೀವಿಗಳು ಸದ್ದಿಲ್ಲದೆ ಮಿನುಗುತ್ತಿವೆ. ಒಂದೊಂದರ ಮುಂದೆ ಇಬ್ಬಿಬ್ಬರು ಮಕ್ಕಳು ನೇರ ಬೆನ್ನಿನಲ್ಲಿ ಕುಳಿತು, ಬಾಯಿ ಬಿಗಿದು, ಕೈಗಳನ್ನು ಗಾಳಿಗಿಂತ ಜೋರಾಗಿ ಓಡಿಸುತ್ತಿದ್ದಾರೆ. ನಡುವೆ ಟೈ ಕಟ್ಟಿದ ಪ್ರಿನ್ಸಿಪಾಲರು ಕೈಯಲ್ಲಿ ಕೋಲು ಹಿಡಿದು ಓಡಾಡುತ್ತಿದ್ದಾರೆ. ಸೂರಿನಿಂದ ಅವರದೇ ದನಿ ಲೆಕ್ಕ ಹೇಳುತ್ತಿದೆ.

ಹೆಂಗಸರು ದೇವಸ್ಥಾನದಲ್ಲಿ ನಿಂತಂತೆ ನಿಂತರು. ಇಬ್ಬರು ಚಪ್ಪಲಿಯನ್ನೂ ಬಿಟ್ಟರು.

“ಮೇಷ್ಟ್ರೇ, ನೀವು ಇಲ್ಲಿದೀರಿ” ಗಿಲ್ಜೆ ಅಮ್ಮ ಪಿಸುಗುಟ್ಟಿದಳು. “ಮಾತಾಡ್ತಿರೋರು ಯಾರು?”

“ಅದೂ ಕಂಪ್ಯೂಟರೇ” ಎಂದರು ಮೆಂಗ್ ಮೇಷ್ಟ್ರು. “ನನ್ನ ದನಿ ಕಲಿತುಕೊಂಡಿದೆ.”

ಸೂರು ಕೆಮ್ಮಿತು.

“ಕೆಮ್ಮೋದನ್ನೂ ಕಲಿತಿದೆ” ಎಂದು ಅಜ್ಜಿ ಸೊಸೆಗೆ ಮೊಣಕೈಯಿಂದ ತಿವಿದಳು.

ಸೊಸೆ ಇನ್ನೂ ಒಪ್ಪಿರಲಿಲ್ಲ. ಪರದೆಯ ಮೇಲಿನ ಏಡಿಗಳನ್ನು ದಿಟ್ಟಿಸಿ ನೋಡಿ, “ಇದು ಆಟ ಅಲ್ವಾ ಮೇಷ್ಟ್ರೇ?” ಎಂದಳು.

“ಅಮ್ಮ, ಮಕ್ಕಳ ಮುಖ ನೋಡಿ ನೀವೇ ಹೇಳಿ. ಇಲ್ಲಿ ಯಾರಾದರೂ ಆಟ ಆಡ್ತಾ ಇರೋ ಹಾಗೆ ಕಾಣ್ತಾರಾ?”

ಅಮ್ಮ ನೋಡಿದಳು. ತಮ್ಮ ತಮ್ಮ ಅಮ್ಮಂದಿರು ಬೆನ್ನ ಹಿಂದೆ ನಿಂತಿರುವುದನ್ನು ಗಾಜಿನಲ್ಲಿ ಕಾಣುತ್ತಿದ್ದ ಆ ಮಕ್ಕಳ ಮುಖಗಳಲ್ಲಿ ರಕ್ತವಿರಲಿಲ್ಲ. ಮೂರನೇ ಪೆಟ್ಟಿಗೆಯ ಮುಂದೆ ದಾಲ್ಸು ನಡುಗುತ್ತಿದ್ದ. ಇಷ್ಟು ಸಂಕಟಪಡುತ್ತ ಮಾಡುವ ಕೆಲಸ ಓದಲ್ಲದೆ ಬೇರೇನೂ ಆಗಿರಲಾರದೆಂದು ಅವಳಿಗೆ ಮನವರಿಕೆಯಾಯಿತು.

“ಸರಿ” ಎಂದಳು. “ಹೋಂವರ್ಕ್ ಎಷ್ಟು ಕೊಡ್ತೀರಿ?”

ಮೆಂಗ್ ಮೇಷ್ಟ್ರು ಇದನ್ನು ಎದುರು ನೋಡಿರಲಿಲ್ಲ. “ಹೋಂವರ್ಕ್... ಅಷ್ಟಾಗಿ ಇಲ್ಲ.”

“ಹೋಂವರ್ಕ್ ಇಲ್ಲದ ಟ್ಯೂಷನ್ನಾ?” ಹೆಂಗಸರ ನಡುವೆ ಗುಸುಗುಸು ಎದ್ದಿತು. “ಪರೀಕ್ಷೆ?” “ರ‍್ಯಾಂಕ್ ಪಟ್ಟಿ ಎಲ್ಲಿ ಹಾಕ್ತೀರಿ?” “ಒಂದು ಏಟೂ ಹಾಕದೆ ಏನು ಕಲಿಸ್ತೀರಿ?”

ಗುಸುಗುಸು ಅನುಮಾನದ ಕಡೆ ವಾಲುವುದನ್ನು ಕಂಡ ಮೇಷ್ಟ್ರು ಗಾಬರಿಯಿಂದ ಕೇಳಿದ್ದಕ್ಕೆಲ್ಲ ಹೂಂ ಎಂದರು. ಪ್ರತಿ ಶನಿವಾರ ಪರೀಕ್ಷೆ, ಹೂಂ. ಬಾಗಿಲ ಮೇಲೆ ರ‍್ಯಾಂಕ್ ಪಟ್ಟಿ, ಹೂಂ. ಅಂಕ ಇಳಿದರೆ ಬೆತ್ತ, ಹೂಂ. ದಿನಕ್ಕೆ ಎರಡು ಗಂಟೆ ಏಳದೆ ಕೂರುವುದು, ಹೂಂ. ಆಡುವಾಗ ನಗಬಾರದು ಎಂದು ಸೇರಿಸಿದವಳು ಗಿಲ್ಜೆ ಅಮ್ಮ. ಹಿಂದೆ ಕುಳಿತು ಉಸ್ತುವಾರಿ ನೋಡಲು ಅಜ್ಜಿಯನ್ನು ಎಲ್ಲರೂ ಒಮ್ಮತದಿಂದ ಆರಿಸಿದರು. ಬೊಂಗ್ ಅಷ್ಟೂ ಹೊತ್ತು ತಲೆಯಾಡಿಸುತ್ತಿದ್ದ. ಮುಂಗಡ ಶುಲ್ಕ ಎಂಬ ಮಾತು ಅವನ ಕಿವಿಗೆ ಬಿದ್ದಿತ್ತು.

ದಾಲ್ಸುವಿಗೆ ಬೆತ್ತ ಬೀಳಲಿಲ್ಲ. ಅಂದು ಮಲಗುವಾಗ ಅಮ್ಮ ಅವನ ತಲೆ ಸವರಿದಳು. ಇಷ್ಟು ಸುಲಭವಾಗಿ ಸ್ವರ್ಗ ಸಿಕ್ಕೀತೆಂದು ಅವನಿಗೆ ನಂಬಿಕೆ ಬರಲಿಲ್ಲ. ಕತ್ತಲಲ್ಲಿ ಬೆರಳಾಡಿಸುತ್ತ ಬೆಳಗಾಗುವುದನ್ನು ಕಾದ.

ಶುಕ್ರವಾರ ಎರಡು ಗಂಟೆ ಆಡಿದ. ಶನಿವಾರ ಪರೀಕ್ಷೆ ನಡೆಯಿತು. ಗಿಲ್ಜೆ ಮೊದಲು, ದಾಲ್ಸು ಕೊನೆ. ಪಟ್ಟಿ ಬಾಗಿಲ ಮೇಲೆ ಅಂಟಿತು, ಬೀದಿಯೆಲ್ಲ ಅದನ್ನು ಓದಿತು. “ಗಿಲ್ಜೆನೂ ಅನ್ನಾನೇ ತಿನ್ನೋದು, ನೀನೂ ಅನ್ನಾನೇ ತಿನ್ನೋದು” ಎಂದು ಅಮ್ಮ ಮೀನಖಂಡಕ್ಕೆ ಬೆತ್ತ ಹಾಕಿದಳು. ಭಾನುವಾರ ಹೆಚ್ಚುವರಿ ಅಭ್ಯಾಸ. “ಏಡಿ ಬಂತು, ಏಡಿ ಬಂತು, ನಿದ್ದೆ ಮಾಡ್ತಿದೀಯಾ?” ಎಂದು ಹಿಂದಿನಿಂದ ಅಜ್ಜಿ ಪ್ರತಿ ‘ಢಂ’ಗೂ ಒಂದು ಗುದ್ದು ಕೊಟ್ಟಳು. ಮಂಗಳವಾರದ ಹೊತ್ತಿಗೆ ಆ ಹಿಡಿಯನ್ನು ಕಂಡರೆ ದಾಲ್ಸು ಮುಖ ತಿರುಗಿಸುತ್ತಿದ್ದ. ಉಳಿದ ಹುಡುಗರು ಅವನೊಡನೆ ಮಾತು ಬಿಟ್ಟಿದ್ದರು. ಬೀದಿಗಿದ್ದ ಒಂದೇ ಒಂದು ಗೇಮಿನ ಅಂಗಡಿಯನ್ನೂ ಟ್ಯೂಷನ್ ಮಾಡಿಸಿದವನು ಇವನೇ ಎಂದು ಅವರಿಗೆ ಗೊತ್ತಾಗಿತ್ತು.

ಗುರುವಾರ ಅವನು ಮೂತ್ರಕ್ಕೆಂದು ಹೇಳಿ ಹಿಂಬಾಗಿಲಿನಿಂದ ಜಾರಿ, ಮಹಡಿ ಹತ್ತಿದ. ಮೇಲೆ ಮೇಷ್ಟ್ರಿರಲಿಲ್ಲ, ಅಜ್ಜಿಯಿರಲಿಲ್ಲ, ರ‍್ಯಾಂಕ್ ಪಟ್ಟಿಯಿರಲಿಲ್ಲ. ಟೇಪ್ ರೆಕಾರ್ಡರ್ ತನ್ನಷ್ಟಕ್ಕೆ ಲೆಕ್ಕ ಹೇಳುತ್ತಿತ್ತು. ಕೊನೆಯ ಬೆಂಚಿನಲ್ಲಿ ಕುಳಿತು ಅಬಾಕಸ್ ಎಳೆದುಕೊಂಡ. ಮಣಿಗಳು ಸರಿದವು, ಯಾರೂ ಸಾಯಲಿಲ್ಲ. ಅರ್ಧ ಗಂಟೆಯಲ್ಲಿ ಅವನು ಎರಡು ಸಲ ನಕ್ಕ. ಒಂದು ಸಲ ಉತ್ತರವೂ ಸರಿಯಾಯಿತು.

ಕೆಳಗೆ ಮೂರನೇ ಪೆಟ್ಟಿಗೆ ಖಾಲಿ ಇರುವುದನ್ನು ಅಜ್ಜಿ ಕಂಡಳು. ದಾಲ್ಸು ಕಂಪ್ಯೂಟರಿಗೆ ಚಕ್ಕರ್ ಹೊಡೆದಿದ್ದಾನೆ ಎಂಬ ಸುದ್ದಿ ತೋಫು ಅಂಗಡಿಯ ಮೂಲಕ ಕಾರ್ಖಾನೆಯ ಗೇಟಿಗೆ ತಲುಪಿತು. ಆರೂಕಾಲಿಗೆ ಅಮ್ಮ ಕೆಲಸದ ಅಂಗಿಯಲ್ಲೇ ಮಹಡಿ ಹತ್ತಿ ಬಂದು ಅವನ ಕಿವಿ ಹಿಡಿದಳು.

“ಇಷ್ಟು ಕಷ್ಟಪಟ್ಟು ಕಂಪ್ಯೂಟರಿಗೆ ಸೇರಿಸಿದ್ರೆ, ಕದ್ದು ಬಂದು ಇಲ್ಲಿ ಮಣಿ ಎಣಿಸ್ಕೊಂಡು ನಗ್ತಾ ಕೂತಿದೀಯಾ?”

ಅವನನ್ನು ಕೆಳಗಿಳಿಸಿ ಮತ್ತೆ ಮೂರನೇ ಪೆಟ್ಟಿಗೆಯ ಮುಂದೆ ಕೂರಿಸಲಾಯಿತು. ಅಂದು ದಾಲ್ಸು ಎಂಟು ಗಂಟೆಯವರೆಗೆ, ಊಟವಿಲ್ಲದೆ, ಗೇಮ್ ಆಡಿದ.